ಸ್ವಿಂಗ್ ಯುಗದ ಬಿಗ್ ಬ್ಯಾಂಡ್ ಪ್ರೇಮಗೀತೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೇಳಿರುವುದು ಯಾವ ಧ್ವನಿಮುದ್ರಿಕೆಗಳ ಬಗ್ಗೆ?

ಅಮೆರಿಕದಲ್ಲಿ ಸ್ವಿಂಗ್ ಎಂಬ ಕುಣಿತದ ಜಾಝ್ ಸಂಗೀತ ಮೆರೆದ 1935ರಿಂದ 1946ರವರೆಗಿನ ಅವಧಿಯನ್ನು ಸ್ವಿಂಗ್ ಯುಗವೆಂದು ಕರೆಯುವುದು ರೂಢಿ. 1935ರ ಆಗಸ್ಟ್ 21ರಂದು ಲಾಸ್ ಏಂಜಲೀಸ್‌ನ ಪಾಲೊಮಾರ್ ನೃತ್ಯಶಾಲೆಯಲ್ಲಿ ಬೆನ್ನಿ ಗುಡ್‌ಮನ್ ಅವರ ತಂಡಕ್ಕೆ ಸಿಕ್ಕ ಅನಿರೀಕ್ಷಿತ ಸ್ವಾಗತವನ್ನು ಅದರ ಆರಂಭವೆಂದೂ, 1946ರ ಡಿಸೆಂಬರಿನಲ್ಲಿ ಹೆಸರಾಂತ ತಂಡಗಳು ಒಂದರ ಹಿಂದೊಂದು ವಿಸರ್ಜನೆಯಾದದ್ದನ್ನು ಅದರ ಅಂತ್ಯವೆಂದೂ ಸಂಗೀತ ಚರಿತ್ರೆ ಬರೆಯುವವರು ಗುರುತಿಸುತ್ತಾರೆ. ನಾಲ್ಕೈದು ಸ್ಯಾಕ್ಸೋಫೋನ್, ಮೂರೋ ನಾಲ್ಕೋ ಟ್ರಂಪೆಟ್, ಹೆಚ್ಚುಕಡಿಮೆ ಅಷ್ಟೇ ಟ್ರೊಂಬೋನ್, ಜೊತೆಗೆ ಪಿಯಾನೊ, ಗಿಟಾರ್, ಬಾಸ್ ಮತ್ತು ಡ್ರಮ್ಸ್ ಸೇರಿದ ಹದಿನೈದರ ಆಸುಪಾಸಿನ ವಾದಕರ ತಂಡವೇ ಬಿಗ್ ಬ್ಯಾಂಡ್. ಇಂಥ ತಂಡಗಳು ಕುಣಿತಕ್ಕಾಗಿ ನುಡಿಸುತ್ತಿದ್ದವು. ಅಬ್ಬರದ ವಾದ್ಯಕೃತಿಗಳ ನಡುವೆ ಜೋಡಿಗಳು ಹತ್ತಿರವಾಗಿ, ನಿಧಾನವಾಗಿ ಹೆಜ್ಜೆ ಹಾಕಲೆಂದು ಪ್ರೇಮಗೀತೆಗಳನ್ನೂ ಹಾಡಿಸುತ್ತಿದ್ದವು. ಆ ಪ್ರೇಮಗೀತೆಗಳ ಮೂರು ನಿಮಿಷದ ಗ್ರಾಮಫೋನ್ ತಟ್ಟೆಗಳೇ ಇಲ್ಲಿನ ವಿಷಯ.

ಹಾಡುಗಾರರು ಒಂದು ನಿಮಿಷ ಕಳೆದ ಮೇಲೆ ಏಕೆ ಬರುತ್ತಾರೆ?

ಮೊದಲ ಸಲ ಕೇಳುವವರೆಲ್ಲ ಕೇಳುವ ಪ್ರಶ್ನೆ ಇದು, ಮತ್ತು ಈ ಧ್ವನಿಮುದ್ರಿಕೆಗಳ ಗುಟ್ಟು ಇರುವುದೂ ಇದರ ಉತ್ತರದಲ್ಲಿಯೇ. ನಮ್ಮ ಚಿತ್ರಗೀತೆಗಳಲ್ಲಿ ಆರಂಭದ ವಾದ್ಯಭಾಗವು ಪಲ್ಲವಿಗೆ ಪೀಠಿಕೆ ಮಾತ್ರ. ಹಾಡಿನ ಧಾಟಿಯನ್ನು ಅದು ಪೂರ್ತಿಯಾಗಿ ಬಿಟ್ಟುಕೊಡುವುದು ಅಪರೂಪ. ಬಿಗ್ ಬ್ಯಾಂಡಿನ ಪದ್ಧತಿಯಲ್ಲಿ ವಾದ್ಯಗಳು ಮೊದಲು ಇಡೀ ಹಾಡನ್ನೇ ಒಮ್ಮೆ ನುಡಿಸಿ ಮುಗಿಸುತ್ತವೆ, ಅದರ ನಂತರ ಗಾಯಕರೋ ಗಾಯಕಿಯೋ ಎದ್ದು ಮೈಕಿನ ಬಳಿಗೆ ಬಂದು ಅದೇ ಹಾಡನ್ನು ಮಾತಿನೊಂದಿಗೆ ಒಮ್ಮೆ ಹಾಡುತ್ತಾರೆ, ಕೊನೆಗೆ ಮತ್ತೆ ವಾದ್ಯಗಳೇ ಅದನ್ನು ದಡ ಸೇರಿಸುತ್ತವೆ. ಆ ಕಾಲದ ಹಾಡುಗಳಲ್ಲಿ ಬಹುಪಾಲು 32 ಬಾರ್‌ಗಳ ಕಟ್ಟಿನವು, ಒಂದು ಬಾರ್‌ಗೆ ನಾಲ್ಕು ಪೆಟ್ಟು. ನಿಮಿಷಕ್ಕೆ 128 ಪೆಟ್ಟಿನ ವೇಗದಲ್ಲಿ ನುಡಿಸಿದರೆ ಒಂದು ಸುತ್ತಿಗೆ ಸರಿಯಾಗಿ ಒಂದು ನಿಮಿಷ ಬೇಕಾಗುತ್ತದೆ. ನಿಧಾನದ ಪ್ರೇಮಗೀತೆಗೆ ಒಂದೂವರೆ ನಿಮಿಷವೂ ಹಿಡಿಯಬಹುದು. ಹತ್ತು ಅಂಗುಲದ ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದದ್ದು ಮೂರು ನಿಮಿಷಕ್ಕಿಂತ ತುಸು ಹೆಚ್ಚು. ಅಷ್ಟರಲ್ಲಿ ವಾದ್ಯಗಳಿಗೊಂದು ಸುತ್ತು, ದನಿಗೊಂದು ಸುತ್ತು, ಮುಕ್ತಾಯಕ್ಕೆ ಅರ್ಧ ಸುತ್ತು ಎಂಬ ಹಂಚಿಕೆ ತಾನಾಗಿಯೇ ಏರ್ಪಟ್ಟಿತು.

ಈ ಕಾಯಿಸುವಿಕೆಯಿಂದ ಆಗುವ ಪರಿಣಾಮ ಸಣ್ಣದಲ್ಲ. ಮಾತು ಬರುವ ಹೊತ್ತಿಗೆ ಕೇಳುಗನಿಗೆ ರಾಗದ ಏರಿಳಿತ ಪರಿಚಯವಾಗಿರುತ್ತದೆ. ಹೀಗಾಗಿ ಗಾಯಕಿ ಅದನ್ನು ತಿದ್ದಿ ತೋರಿಸಬೇಕಿಲ್ಲ, ಅದರ ಮೇಲೆ ಒರಗಿಕೊಂಡು ಮಾತನಾಡಿದಂತೆ ಹಾಡಿದರೆ ಸಾಕು. ಹೆಚ್ಚು ಹೊತ್ತು ಸಿಗುವುದಿಲ್ಲವೆಂಬ ಅರಿವಿನಿಂದ ಯಾವ ಪದಕ್ಕೂ ಅನಗತ್ಯ ಒತ್ತಡ ಬೀಳುವುದಿಲ್ಲ. ಈ ಮುದ್ರಿಕೆಗಳಲ್ಲಿನ ಪ್ರೇಮಭಾವದ ಬಹುಭಾಗ ಈ ಮಿತಿಯಿಂದಲೇ ಹುಟ್ಟಿತೆಂಬುದು ನನ್ನ ಅಭಿಪ್ರಾಯ. ಮುಂದೆ ಹಾಡುಗಾರರಿಗೆ ಇಡೀ ತಟ್ಟೆಯೇ ಸಿಕ್ಕಾಗ ಗಳಿಸಿದ್ದು ಬಹಳ, ಆದರೆ ಕಳೆದುಕೊಂಡದ್ದೂ ಇದೆ.

ಇಷ್ಟು ಮೆಲುದನಿಯಲ್ಲಿ ಹಾಡುವುದು ಹೇಗೆ ಸಾಧ್ಯವಾಯಿತು?

ಮೈಕ್ರೋಫೋನಿನಿಂದ. 1925ಕ್ಕೆ ಮೊದಲು ಗಾಯಕರು ದೊಡ್ಡ ಕಹಳೆಯೊಂದರ ಬಾಯಿಗೆ ಹಾಡುತ್ತಿದ್ದರು. ದನಿಯ ಬಲದಿಂದಲೇ ಸೂಜಿ ಮೇಣವನ್ನು ಕೊರೆಯಬೇಕಿದ್ದುದರಿಂದ ರಂಗಭೂಮಿಯವರಂತೆ ಗಟ್ಟಿಯಾಗಿ ಹಾಡುವುದು ಅನಿವಾರ್ಯವಾಗಿತ್ತು. ಆ ವರ್ಷ ವಿದ್ಯುತ್ ಧ್ವನಿಮುದ್ರಣ ಬಂದ ಮೇಲೆ ಪಿಸುಮಾತಿಗೆ ಹತ್ತಿರದ ದನಿಯನ್ನೂ ಹದಿನೈದು ವಾದ್ಯಗಳ ಮುಂದೆ ನಿಲ್ಲಿಸಬಹುದಾಯಿತು. ಬಿಂಗ್ ಕ್ರಾಸ್ಬಿ ಈ ದಾರಿಯನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವರು. ಅವರು ಬೆಳೆದ ಪಾಲ್ ವೈಟ್‌ಮನ್ ತಂಡವೇ 1929ರಲ್ಲಿ ಮಿಲ್ಡ್ರೆಡ್ ಬೇಲಿಯವರನ್ನು ಕಾಯಂ ಗಾಯಕಿಯಾಗಿ ಸೇರಿಸಿಕೊಂಡು, ಮುಂದೆ ಪ್ರತಿ ತಂಡಕ್ಕೂ ಒಬ್ಬ ಗಾಯಕಿ ಇರಲೇಬೇಕೆಂಬ ವಾಡಿಕೆಗೆ ನಾಂದಿ ಹಾಡಿತು.

ಒಂದು ಸಂಗತಿಯನ್ನು ಮರೆಯಬಾರದು: ಆಗ ಟೇಪ್ ಇರಲಿಲ್ಲ. ತಂಡ ನುಡಿಸುತ್ತಿದ್ದಂತೆಯೇ ತಟ್ಟೆ ಕೊರೆಯಲ್ಪಡುತ್ತಿತ್ತು; ಎರಡೂವರೆ ನಿಮಿಷ ಸೊಗಸಾಗಿ ಸಾಗಿ ಕೊನೆಯಲ್ಲಿ ಒಬ್ಬ ಟ್ರಂಪೆಟ್‌ಗಾರ ತಪ್ಪಿದರೂ ಎಲ್ಲರೂ ಮೊದಲಿನಿಂದ ಆರಂಭಿಸಬೇಕಿತ್ತು. ಈ ಹಾಡುಗಳಲ್ಲಿ ಕೇಳುವ ಸಲೀಸುತನ ಬಸ್ಸಿನಲ್ಲಿ ಊರೂರು ಅಲೆದು, ರಾತ್ರಿಯಿಡೀ ನುಡಿಸಿ ಪಳಗಿದ ತಂಡಗಳದ್ದು.

ತಟ್ಟೆಯ ಮೇಲೆ ಗಾಯಕರ ಹೆಸರು ಅಷ್ಟು ಚಿಕ್ಕದಾಗಿ ಏಕಿದೆ?

ತಟ್ಟೆ ತಂಡದ ನಾಯಕನ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಲೇಬಲ್ಲಿನ ಮೇಲೆ ಹಾಡಿನ ಹೆಸರು, ಫಾಕ್ಸ್‌ಟ್ರಾಟ್ ಎಂಬ ಕುಣಿತದ ಬಗೆ, ನಾಯಕನ ಹೆಸರು ಇವೆಲ್ಲ ಮುಗಿದ ಮೇಲೆ ಸಣ್ಣ ಅಕ್ಷರದಲ್ಲಿ ಹಾಡಿದವರು ಇಂಥವರು ಎಂಬ ಒಂದು ಸಾಲು ಇರುತ್ತಿತ್ತು, ಕೆಲವೊಮ್ಮೆ ಅದೂ ಇರುತ್ತಿರಲಿಲ್ಲ. ಗಾಯಕರು ಸಂಬಳದ ನೌಕರರು. ತಮ್ಮ ಸರದಿ ಬರುವವರೆಗೆ ವೇದಿಕೆಯ ಮೇಲೆ ಕುರ್ಚಿಯಲ್ಲಿ ನಗುಮುಖದಿಂದ ಕುಳಿತಿರುವುದೂ ಆ ನೌಕರಿಯ ಭಾಗವೇ ಆಗಿತ್ತು. 1939ರ ಆಗಸ್ಟ್ 31ರಂದು ಹ್ಯಾರಿ ಜೇಮ್ಸ್ ತಂಡದೊಂದಿಗೆ ಫ್ರಾಂಕ್ ಸಿನಾತ್ರಾ ಹಾಡಿದ ‘ಆಲ್ ಆರ್ ನಥಿಂಗ್ ಅಟ್ ಆಲ್’ ತಟ್ಟೆ ಈ ಮಾತಿಗೆ ಒಳ್ಳೆಯ ಸಾಕ್ಷಿ. ಮೊದಲ ಸಲ ಬಂದಾಗ ಅದು ಜೇಮ್ಸ್ ಅವರ ತಟ್ಟೆ, ಹೆಚ್ಚು ಜನ ಅದನ್ನು ಗಮನಿಸಲಿಲ್ಲ. 1943ರಲ್ಲಿ ಅದೇ ಮುದ್ರಣವನ್ನು ಸಿನಾತ್ರಾ ಹೆಸರನ್ನು ಮುಂದೆ ಮಾಡಿ ಮರುಬಿಡುಗಡೆ ಮಾಡಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

ಹೊಸಬರು ಯಾವುದರಿಂದ ಆರಂಭಿಸಬೇಕು?

ಒಂದನ್ನೇ ಹೇಳಬೇಕೆಂದರೆ, ಟಾಮಿ ಡಾರ್ಸಿ ತಂಡದ ‘ಐಲ್ ನೆವರ್ ಸ್ಮೈಲ್ ಅಗೇನ್’. ಇದನ್ನು ಬರೆದವರು ರೂತ್ ಲೋ ಎಂಬ ಕೆನಡಾದ ಪಿಯಾನೊ ವಾದಕಿ. 1939ರಲ್ಲಿ ಪತಿಯನ್ನು ಕಳೆದುಕೊಂಡ ದುಃಖದಲ್ಲಿ, ಟೊರಾಂಟೊ ನಗರದಲ್ಲಿ ಈ ಹಾಡು ಹುಟ್ಟಿತು. 1940ರ ಆರಂಭದಲ್ಲಿ ಗ್ಲೆನ್ ಮಿಲ್ಲರ್ ಅವರ ತಂಡ ಇದನ್ನು ಮುದ್ರಿಸಿತಾದರೂ ಅದು ಯಾರ ಮನಸ್ಸನ್ನೂ ಹಿಡಿಯಲಿಲ್ಲ. ಡಾರ್ಸಿ ಅದೇ ವರ್ಷದ ಏಪ್ರಿಲ್‌ನಲ್ಲಿ ಒಮ್ಮೆ ಪ್ರಯತ್ನಿಸಿ, ತೃಪ್ತಿಯಾಗದೆ ಬಿಟ್ಟು, ಮೇ 23ರಂದು ಮತ್ತೆ ಮುದ್ರಿಸಿದರು. ಈ ಎರಡನೆಯ ಸಲ ತಂಡದ ಬಹುಪಾಲು ವಾದ್ಯಗಳನ್ನು ಸುಮ್ಮನಾಗಿಸಿ, ಸ್ಟುಡಿಯೋದಲ್ಲಿದ್ದ ಸೆಲೆಸ್ಟಾ ಎಂಬ ಗಂಟೆದನಿಯ ವಾದ್ಯವನ್ನು ಪಿಯಾನೊ ವಾದಕ ಜೋ ಬುಷ್ಕಿನ್ ಅವರಿಂದ ನುಡಿಸಿ, ಪೈಡ್ ಪೈಪರ್ಸ್ ಎಂಬ ನಾಲ್ವರ ಗಾಯನ ಗುಂಪಿನ ನಡುವೆ ಸಿನಾತ್ರಾ ಅವರ ದನಿಯನ್ನು ಇರಿಸಲಾಯಿತು. ಮೇಲೆ ಹೇಳಿದ ಕಾಯಿಸುವ ಪದ್ಧತಿಯನ್ನು ಈ ತಟ್ಟೆ ಮುರಿಯುತ್ತದೆ: ಮಾತು ಮೊದಲೇ ಬರುತ್ತದೆ, ಡಾರ್ಸಿಯವರ ಟ್ರೊಂಬೋನ್ ನಡುವೆ ಒಂದಿಷ್ಟು ನುಡಿದು ಸರಿಯುತ್ತದೆ. ಆದರೂ ಗಾಯಕ ಮುಂದೆ ನುಗ್ಗುವುದಿಲ್ಲ. ಐದು ದನಿಗಳಲ್ಲಿ ಒಂದಾಗಿ ಕರಗಿ, ಬೇಕಾದ ಸಾಲಿಗೆ ಮಾತ್ರ ಬೇರ್ಪಟ್ಟು ಮತ್ತೆ ಸೇರಿಕೊಳ್ಳುತ್ತಾನೆ. 1940ರ ಜುಲೈ 27ರಂದು ಬಿಲ್‌ಬೋರ್ಡ್ ಪತ್ರಿಕೆ ತಟ್ಟೆಗಳ ಮಾರಾಟದ ರಾಷ್ಟ್ರೀಯ ಪಟ್ಟಿಯನ್ನು ಮೊದಲ ಬಾರಿಗೆ ಪ್ರಕಟಿಸಿದಾಗ ಅಗ್ರಸ್ಥಾನದಲ್ಲಿದ್ದದ್ದು ಇದೇ, ಮುಂದೆ ಹನ್ನೆರಡು ವಾರ ಅಲ್ಲಿಯೇ ಉಳಿಯಿತು.

ಇದಾದ ಮೇಲೆ ಹ್ಯಾರಿ ಜೇಮ್ಸ್ ಮತ್ತು ಹೆಲೆನ್ ಫಾರೆಸ್ಟ್ ಜೋಡಿಯ ‘ಐ ಹ್ಯಾಡ್ ದ ಕ್ರೇಜಿಯೆಸ್ಟ್ ಡ್ರೀಮ್’, ಡ್ಯೂಕ್ ಎಲಿಂಗ್ಟನ್ ತಂಡದ ‘ಐ ಗಾಟ್ ಇಟ್ ಬ್ಯಾಡ್’, ಗ್ಲೆನ್ ಮಿಲ್ಲರ್ ತಂಡಕ್ಕೆ ರೇ ಎಬರ್ಲಿ ಹಾಡಿದ ‘ಅಟ್ ಲಾಸ್ಟ್’ ಇವುಗಳನ್ನು ಕೇಳಬಹುದು. ಕೊನೆಯದನ್ನು ಎಟಾ ಜೇಮ್ಸ್ ಅವರ ಹಾಡೆಂದೇ ತಿಳಿದವರು ಬಹಳ. ಅವರ ಪ್ರಸಿದ್ಧ ಆವೃತ್ತಿ ಬಂದದ್ದು 1960ರಲ್ಲಿ, ಮಿಲ್ಲರ್ ಅವರದ್ದು 1942ರಲ್ಲಿ.

ಸಿನಾತ್ರಾ ಟ್ರೊಂಬೋನ್‌ನಿಂದ ಹಾಡಲು ಕಲಿತರೆಂಬುದು ನಿಜವೇ?

ಅವರೇ ಹಲವು ಬಾರಿ ಹಾಗೆ ಹೇಳಿಕೊಂಡಿದ್ದಾರೆ. ಡಾರ್ಸಿ ಟ್ರೊಂಬೋನ್ ನುಡಿಸುವಾಗ ವಾಕ್ಯ ಎಲ್ಲಿಯೂ ಕಡಿಯದಂತೆ, ಉಸಿರು ಎಲ್ಲಿ ಎಳೆದುಕೊಂಡರೆಂದು ತಿಳಿಯದಂತೆ ದೀರ್ಘವಾಗಿ ಎಳೆಯುತ್ತಿದ್ದರು. ವೇದಿಕೆಯ ಮೇಲೆ ಅವರ ಹಿಂದೆ ಕುಳಿತು ಗಮನಿಸುತ್ತಿದ್ದ ಸಿನಾತ್ರಾ, ಹಾಡಿನ ಎರಡು ಸಾಲುಗಳನ್ನು ಒಂದೇ ಉಸಿರಿನಲ್ಲಿ ಬೆಸೆಯುವ ಅಭ್ಯಾಸ ಮಾಡಿಕೊಂಡರು. ಇದರ ಫಲ ಅರ್ಥಸ್ಪಷ್ಟತೆ: ಉಳಿದವರು ರಾಗದ ಅನುಕೂಲಕ್ಕೆ ತಕ್ಕಂತೆ ಉಸಿರಾಡುತ್ತ ವಾಕ್ಯವನ್ನು ಒಡೆಯುತ್ತಿದ್ದ ಕಡೆ, ಇವರು ಮಾತಿನ ಅರ್ಥ ಮುಗಿಯುವ ಕಡೆ ನಿಲ್ಲುತ್ತಿದ್ದರು. 1940ರ ಫೆಬ್ರುವರಿಯಲ್ಲಿ ಮುದ್ರಿತವಾದ ‘ಐಲ್ ಬಿ ಸೀಯಿಂಗ್ ಯು’ ಕೇಳಿದರೆ ಟ್ರೊಂಬೋನ್ ಮತ್ತು ದನಿ ಒಂದೇ ಮನೆತನದವು ಎಂಬುದು ತಿಳಿಯುತ್ತದೆ.

ಗಾಯಕಿಯರಲ್ಲಿ ಯಾರನ್ನು ಮುಖ್ಯವಾಗಿ ಕೇಳಬೇಕು?

ಹೆಲೆನ್ ಫಾರೆಸ್ಟ್ ಅವರ ಹೆಸರು ಇಂದು ಅಷ್ಟಾಗಿ ಕೇಳಿಬರದಿದ್ದರೂ, ಬಿಗ್ ಬ್ಯಾಂಡ್ ಪ್ರೇಮಗೀತೆಯ ಮಟ್ಟಿಗೆ ಅವರೇ ಮೊದಲು. ಆರ್ಟಿ ಶಾ, ಬೆನ್ನಿ ಗುಡ್‌ಮನ್, ಹ್ಯಾರಿ ಜೇಮ್ಸ್ ಈ ಮೂವರ ತಂಡಗಳಲ್ಲಿಯೂ ಹಾಡಿದ ಅವರಿಗೆ ಜೇಮ್ಸ್ ತಂಡದಲ್ಲಿ ಸಿಕ್ಕ ಸ್ಥಾನ ಹೊಸದು. ಅಲ್ಲಿ ವಾದ್ಯರಚನೆಯನ್ನು ಅವರ ದನಿಯ ಸುತ್ತ ಹೆಣೆಯಲಾಗುತ್ತಿತ್ತು, ಪಿಟೀಲುಗಳನ್ನೂ ಸೇರಿಸಲಾಗಿತ್ತು. ಜೇಮ್ಸ್ ಅವರ ಟ್ರಂಪೆಟ್ ಹಾಡನ್ನು ಮುಂದಿಟ್ಟು, ನಂತರ ಅವರಿಗೆ ದಾರಿ ಬಿಡುತ್ತಿತ್ತು. 1942ರ ಜುಲೈ 31ರಂದು ಮುದ್ರಿಸಿದ ‘ಐ ಹ್ಯಾವ್ ಹರ್ಡ್ ದಟ್ ಸಾಂಗ್ ಬಿಫೋರ್’ ಮರುವರ್ಷ ಹದಿಮೂರು ವಾರ ಅಗ್ರಸ್ಥಾನದಲ್ಲಿತ್ತು. ಆ ತಾರೀಖಿನ ಮಹತ್ವ ಮುಂದೆ ಬರುತ್ತದೆ.

ಗುಡ್‌ಮನ್ ತಂಡದಲ್ಲಿ ಹೆಲೆನ್ ವಾರ್ಡ್, ಮಾರ್ಥಾ ಟಿಲ್ಟನ್, ನಂತರ ಪೆಗ್ಗಿ ಲೀ. ಡಾರ್ಸಿ ತಂಡದಲ್ಲಿ ಪೈಡ್ ಪೈಪರ್ಸ್ ಗುಂಪಿನ ಜೋ ಸ್ಟಾಫರ್ಡ್. ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಸವಾಯ್ ನೃತ್ಯಶಾಲೆಯಲ್ಲಿ ಚಿಕ್ ವೆಬ್ ತಂಡದೊಂದಿಗೆ ಎಲಾ ಫಿಟ್ಜೆರಾಲ್ಡ್. ಸ್ಟಾಫರ್ಡ್ ಅವರ ಶ್ರುತಿಶುದ್ಧಿ ಬೆರಗುಗೊಳಿಸುವಂಥದು. ಅಷ್ಟು ಶುದ್ಧವಾಗಿ ಹಾಡಿದರೆ ಭಾವ ಒಣಗುತ್ತದೆನ್ನುವವರು ಅವರನ್ನು ಒಮ್ಮೆ ಕೇಳಬೇಕು.

ಒಂದೇ ಹಾಡಿನಲ್ಲಿ ವೇಗ ಬದಲಾಗುವ ಜಿಮ್ಮಿ ಡಾರ್ಸಿಯವರ ತಟ್ಟೆಗಳ ಕಥೆ ಏನು?

ಟಾಮಿಯವರ ಅಣ್ಣ ಜಿಮ್ಮಿ ಡಾರ್ಸಿಯವರ ತಂಡದಲ್ಲಿ ಬಾಬ್ ಎಬರ್ಲಿ ಮತ್ತು ಹೆಲೆನ್ ಒಕಾನಲ್ ಎಂಬ ಇಬ್ಬರು ಗಾಯಕರಿದ್ದರು. ಬಾಬ್, ಮೇಲೆ ಹೇಳಿದ ರೇ ಎಬರ್ಲಿಯವರ ಅಣ್ಣ. ರೇಡಿಯೋ ಕಾರ್ಯಕ್ರಮದ ಕೊನೆಯ ಕೆಲವೇ ನಿಮಿಷಗಳಲ್ಲಿ ಇಬ್ಬರು ಗಾಯಕರನ್ನೂ ಇಡೀ ತಂಡವನ್ನೂ ಒಮ್ಮೆಗೇ ತೋರಿಸಬೇಕಾದ ಒತ್ತಡದಿಂದ, ತಂಡಕ್ಕೆ ವಾದ್ಯರಚನೆ ಮಾಡುತ್ತಿದ್ದ ಟುಟಿ ಕ್ಯಾಮರಾಟಾ ಒಂದು ಉಪಾಯ ಕಂಡುಕೊಂಡರು. ಮೊದಲು ಎಬರ್ಲಿ ವಿಳಂಬದಲ್ಲಿ ಪ್ರೇಮ ನಿವೇದಿಸುತ್ತಾರೆ, ನಂತರ ತಂಡ ವೇಗ ಹೆಚ್ಚಿಸಿ ನುಡಿಸುತ್ತದೆ, ಕೊನೆಯಲ್ಲಿ ಒಕಾನಲ್ ಬಂದು ಅದೇ ಹಾಡನ್ನು ತುಂಟತನದಿಂದ ಹಾಡಿ ಮುಗಿಸುತ್ತಾರೆ. 1941ರ ‘ಅಮಪೋಲಾ’, ‘ಗ್ರೀನ್ ಐಸ್’, ಅದರ ಬೆನ್ನಿಗೇ ಬಂದ ‘ಟ್ಯಾಂಜರೀನ್’ ಈ ಮಾದರಿಯವು. ಗಂಡು ಕನಸು ಕಾಣುತ್ತಾನೆ, ಹೆಣ್ಣು ಅದನ್ನು ಮೆಲ್ಲಗೆ ಗೇಲಿ ಮಾಡುತ್ತಾಳೆ; ಪ್ರೇಮಗೀತೆಗಳ ಅತಿಸಿಹಿಗೆ ಇಷ್ಟು ಹದವಾದ ಹುಳಿ ಬೆರೆಸಿದ ಇನ್ನೊಂದು ತಂಡವಿಲ್ಲ.

ಸ್ಪೇನ್ ಮತ್ತು ಕ್ಯೂಬಾ ಮೂಲದ ಹಾಡುಗಳು ಆ ವರ್ಷವೇ ಹೀಗೆ ಮೇಲೆದ್ದದ್ದಕ್ಕೆ ಕಾರಣವಿದೆ. 1941ರ ಜನವರಿಯಿಂದ ಅಕ್ಟೋಬರ್ ಕೊನೆಯವರೆಗೆ, ಅಮೆರಿಕದ ಬಹುಪಾಲು ಹೆಸರಾಂತ ಗೀತಕಾರರ ಸಂಘವಾದ ಆಸ್ಕ್ಯಾಪ್ ಮತ್ತು ದೊಡ್ಡ ರೇಡಿಯೋ ಜಾಲಗಳ ನಡುವೆ ಗೌರವಧನದ ದರದ ಬಗ್ಗೆ ಜಗಳ ನಡೆದು, ಆ ಸಂಘದ ಹಾಡುಗಳು ರೇಡಿಯೋದಲ್ಲಿ ಕೇಳಿಬರಲಿಲ್ಲ. ತಂಡಗಳು ಸಂಘದ ಹೊರಗಿನ ಹಾಡುಗಳನ್ನು ಹುಡುಕಿ ಹೊರಟವು. ‘ಗ್ರೀನ್ ಐಸ್’ ಕ್ಯೂಬಾದ ನಿಲೊ ಮೆನೆಂದೆಸ್ ಅವರ ಹಳೆಯ ಸ್ಪ್ಯಾನಿಷ್ ಹಾಡು.

ಕರಿಯ ಕಲಾವಿದರಿಗೆ ಪ್ರೇಮಗೀತೆ ಹಾಡುವ ಅವಕಾಶ ಎಷ್ಟಿತ್ತು?

ಇದಕ್ಕೆ ವಿವರವಾಗಿಯೇ ಉತ್ತರಿಸಬೇಕು, ಏಕೆಂದರೆ ಸ್ವಿಂಗ್ ಸಂಗೀತ ರೂಪುಗೊಂಡದ್ದೇ ಕರಿಯರ ತಂಡಗಳಲ್ಲಿ, ಆದರೆ ಪ್ರಣಯದ ಹಾಡುಗಳ ಮಾರುಕಟ್ಟೆ ಅವರಿಗೆ ಅರ್ಧ ಮುಚ್ಚಿದ ಬಾಗಿಲಾಗಿತ್ತು. ಕರಿಯ ಗಾಯಕನೊಬ್ಬ ಬ್ಲೂಸ್ ಎಂಬ ಕರಿಯರ ಅಳಲಿನ ಹಾಡನ್ನೋ ಹಾಸ್ಯಗೀತೆಯನ್ನೋ ಹಾಡಿದರೆ ಕಂಪನಿಗಳು ಸಂತೋಷದಿಂದ ಮುದ್ರಿಸುತ್ತಿದ್ದವು; ಅವನೇ ಮೃದುವಾಗಿ ಪ್ರೇಮ ನಿವೇದಿಸಿದರೆ ಬಿಳಿಯ ಕೇಳುಗರು ಏನೆನ್ನುವರೋ ಎಂದು ಹಿಂಜರಿಯುತ್ತಿದ್ದವು. ಅರ್ಲ್ ಹೈನ್ಸ್ ತಂಡದ ಬಿಲ್ಲಿ ಎಕ್‌ಸ್ಟೈನ್ ಅವರಿಗೆ ಆ ಕಾಲದ ಅತ್ಯಂತ ತುಂಬುದನಿಗಳಲ್ಲೊಂದು ಇತ್ತು. ಆದರೂ 1940ರಲ್ಲಿ ಅವರಿಗೆ ಮೊದಲು ಹೆಸರು ತಂದದ್ದು ಬ್ಲೂಸ್. ಪ್ರೇಮಗೀತೆಗಾರರಾಗಿ ಅವರಿಗೆ ವ್ಯಾಪಕ ಮನ್ನಣೆ ಸಿಕ್ಕದ್ದು ಬಿಗ್ ಬ್ಯಾಂಡ್‌ಗಳ ಕಾಲ ಇಳಿಮುಖವಾದ ಮೇಲೆ.

ಡ್ಯೂಕ್ ಎಲಿಂಗ್ಟನ್ ಈ ಗೋಡೆಯನ್ನು ತಮ್ಮದೇ ರೀತಿಯಲ್ಲಿ ದಾಟಿದರು. 1940ರ ಡಿಸೆಂಬರಿನಲ್ಲಿ ಹರ್ಬ್ ಜೆಫ್ರೀಸ್ ಹಾಡಿದ ‘ಫ್ಲಮಿಂಗೊ’, ಬಿಲ್ಲಿ ಸ್ಟ್ರೇಹಾರ್ನ್ ಅವರ ವಾದ್ಯರಚನೆಯಿಂದಾಗಿ ಕುಣಿತದ ತಟ್ಟೆಯೆಂಬುದನ್ನೇ ಮರೆಸುತ್ತದೆ. 1931ರಿಂದ 1942ರವರೆಗೆ ಅವರ ತಂಡದಲ್ಲಿದ್ದ ಐವಿ ಆಂಡರ್ಸನ್ ‘ಐ ಗಾಟ್ ಇಟ್ ಬ್ಯಾಡ್’ ಹಾಡನ್ನು ದೂರಿನ ಸ್ವರವೇ ಇಲ್ಲದೆ ಹಾಡುತ್ತಾರೆ. ಹೇಳದೆ ಉಳಿದ ಅಳಲನ್ನು ಜಾನಿ ಹಾಜಸ್ ಅವರ ಆಲ್ಟೊ ಸ್ಯಾಕ್ಸೋಫೋನ್ ಹೇಳುತ್ತದೆ. ದನಿಗೂ ವಾದ್ಯಕ್ಕೂ ನಡುವಿನ ಇಂಥ ಸಂವಾದ ಈ ಯುಗದ ಬೇರೆ ತಟ್ಟೆಗಳಲ್ಲಿ ಅಪರೂಪ.

ಗಾಯಕಿ ಬಿಲ್ಲಿ ಹಾಲಿಡೇ ಅವರ ವಿಷಯದಲ್ಲಿ ನಷ್ಟ ನಮ್ಮದು. ಅವರು 1937ರಲ್ಲಿ ಕೌಂಟ್ ಬೇಸಿ ತಂಡದೊಂದಿಗಿದ್ದರು, ಆದರೆ ಇಬ್ಬರೂ ಬೇರೆ ಬೇರೆ ಕಂಪನಿಗಳಿಗೆ ಕರಾರಿನಿಂದ ಬದ್ಧರಾಗಿದ್ದ ಕಾರಣ ಒಟ್ಟಿಗೆ ಸ್ಟುಡಿಯೋ ಮುದ್ರಣ ಸಾಧ್ಯವಾಗಲಿಲ್ಲ. ರೇಡಿಯೋ ಪ್ರಸಾರದಿಂದ ಹಿಡಿದಿಟ್ಟ ಕೆಲವೇ ತುಣುಕುಗಳು ಉಳಿದಿವೆ. 1938ರಲ್ಲಿ ಅವರು ಆರ್ಟಿ ಶಾ ಅವರ ಬಿಳಿಯರ ತಂಡ ಸೇರಿದರು. ಆ ತಂಡದೊಂದಿಗೆ ಉಳಿದದ್ದು ಜುಲೈ 24ರಂದು ಮುದ್ರಿಸಿದ ‘ಎನಿ ಓಲ್ಡ್ ಟೈಮ್’ ಒಂದೇ ತಟ್ಟೆ. ಪ್ರವಾಸದಲ್ಲಿ ಹೋಟೆಲುಗಳು ಊಟ ವಸತಿ ನಿರಾಕರಿಸಿದವು. ನ್ಯೂಯಾರ್ಕಿನ ಹೋಟೆಲೊಂದರಲ್ಲಿ ತಂಡ ನುಡಿಸುತ್ತಿದ್ದಾಗಲೇ ಅವರನ್ನು ಸರಕು ಸಾಗಿಸುವ ಲಿಫ್ಟಿನಲ್ಲಿ ಓಡಾಡುವಂತೆ ಮಾಡಲಾಯಿತು. ವರ್ಷ ಮುಗಿಯುವ ಮೊದಲೇ ಅವರು ತಂಡ ಬಿಟ್ಟರು. ಅವರ ಪ್ರೇಮಗೀತೆಗಳನ್ನು ಹುಡುಕುವವರು ಟೆಡ್ಡಿ ವಿಲ್ಸನ್ ಅವರ ಚಿಕ್ಕ ತಂಡದೊಂದಿಗೆ 1935ರಿಂದ ಮುದ್ರಿಸಿದ ತಟ್ಟೆಗಳ ಕಡೆಗೆ ತಿರುಗಬೇಕಾಗುತ್ತದೆ.

ಸ್ವೀಟ್ ಬ್ಯಾಂಡ್ ಎಂದರೆ ಬೇರೆಯೇ?

ಹೌದು. ಗೈ ಲೊಂಬಾರ್ಡೊ, ಸ್ಯಾಮಿ ಕೇ ಮುಂತಾದವರ ತಂಡಗಳು ಜಾಝ್ ಅಂಶವನ್ನು ಆದಷ್ಟು ಕಡಿಮೆ ಮಾಡಿ, ರಾಗವನ್ನು ಇದ್ದಂತೆಯೇ ನಯವಾಗಿ ನುಡಿಸುತ್ತಿದ್ದವು. ಜಾಝ್ ಪ್ರಿಯರು ಇವರನ್ನು ಹಂಗಿಸಿದರು, ಜನ ಮಾತ್ರ ಕೈತುಂಬ ಕೊಂಡರು. ಗ್ಲೆನ್ ಮಿಲ್ಲರ್ ಎರಡರ ನಡುವಿನ ಗೆರೆಯ ಮೇಲೆ ನಡೆದವರು. ಕ್ಲಾರಿನೆಟ್ ಮುಂದಾಳಾಗಿ, ಅದೇ ಧಾಟಿಯನ್ನು ಒಂದು ಸ್ಥಾಯಿ ಕೆಳಗೆ ಟೆನರ್ ಸ್ಯಾಕ್ಸೋಫೋನ್ ನುಡಿಸಿ, ಉಳಿದ ಸ್ಯಾಕ್ಸೋಫೋನ್‌ಗಳು ನಡುವಿನ ಸ್ವರಗಳನ್ನು ತುಂಬುವ ಅವರ ಜೋಡಣೆಯಿಂದ ಬರುವ ನಾದವನ್ನು ಎರಡೇ ಸ್ವರಗಳಲ್ಲಿ ಗುರುತಿಸಬಹುದು. ಅವರ ಪ್ರೇಮಗೀತೆಗಳಲ್ಲಿ ಗಾಯಕನಿಗಿಂತ ಈ ನಾದದ್ದೇ ಹಿರಿತನ.

ಯುದ್ಧ ಈ ಹಾಡುಗಳನ್ನು ಹೇಗೆ ಬದಲಿಸಿತು?

1941ರ ಡಿಸೆಂಬರಿನಲ್ಲಿ ಅಮೆರಿಕ ಯುದ್ಧಕ್ಕಿಳಿದ ಮೇಲೆ ಅಗಲಿಕೆ ಎಂಬುದು ಲಕ್ಷಾಂತರ ಮನೆಗಳ ದಿನನಿತ್ಯದ ಸಂಗತಿಯಾಯಿತು. ಹಳೆಯ ಹಾಡುಗಳಿಗೇ ಹೊಸ ಅರ್ಥ ಬಂತು. 1940ರಲ್ಲಿ ಮುದ್ರಿತವಾಗಿದ್ದ ‘ಐಲ್ ಬಿ ಸೀಯಿಂಗ್ ಯು’ 1944ರಲ್ಲಿ ಮತ್ತೆ ಬೇಡಿಕೆ ಪಡೆದದ್ದು ಇದರಿಂದಲೇ. 1944ರ ನವೆಂಬರ್ 20ರಂದು ಲೆಸ್ ಬ್ರೌನ್ ತಂಡದೊಂದಿಗೆ ಡೋರಿಸ್ ಡೇ ಹಾಡಿದ ‘ಸೆಂಟಿಮೆಂಟಲ್ ಜರ್ನಿ’ ಮರುವರ್ಷ ಮನೆಗೆ ಮರಳುತ್ತಿದ್ದ ಸೈನಿಕರ ಹಾಡಾಯಿತು. ಸೇನೆಯು 1943ರಿಂದ 1949ರವರೆಗೆ ವಿ-ಡಿಸ್ಕ್ ಎಂಬ ಹನ್ನೆರಡು ಅಂಗುಲದ ತಟ್ಟೆಗಳನ್ನು ಹೊರನಾಡಿನ ಸೈನಿಕರಿಗೆ ಕಳುಹಿಸುತ್ತಿತ್ತು. ಅವುಗಳಲ್ಲಿ ಒಂದು ಮುಖಕ್ಕೆ ಆರು ನಿಮಿಷದಷ್ಟು ಸಂಗೀತ ಹಿಡಿಯುತ್ತಿದ್ದುದರಿಂದ, ಮೂರು ನಿಮಿಷದ ಇಕ್ಕಟ್ಟಿಲ್ಲದೆ ಈ ತಂಡಗಳನ್ನು ಕೇಳುವ ಅವಕಾಶ ಇಂದಿಗೂ ಅವುಗಳಿಂದಲೇ ಸಿಗುತ್ತದೆ. ಗ್ಲೆನ್ ಮಿಲ್ಲರ್ ತಮ್ಮ ತಂಡವನ್ನು ವಿಸರ್ಜಿಸಿ ಸೇನೆ ಸೇರಿ, 1944ರ ಡಿಸೆಂಬರ್ 15ರಂದು ಇಂಗ್ಲೆಂಡಿನಿಂದ ಫ್ರಾನ್ಸಿಗೆ ಹೊರಟ ವಿಮಾನದೊಂದಿಗೆ ಕಣ್ಮರೆಯಾದರು.

ಈ ತಟ್ಟೆಗಳಿಗೆ ಭಾರತದ ನಂಟು ಇದೆಯೇ?

ಇದೆ, ಅದೂ ತಟ್ಟೆಯ ಮೈಯಲ್ಲಿಯೇ. ಆ ಕಾಲದ ತಟ್ಟೆಗಳನ್ನು ಅಂಟಾಗಿ ಹಿಡಿದಿಡುತ್ತಿದ್ದದ್ದು ಅರಗು. ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವ ಅದೇ ಅರಗು. ಕಾಡುಮರಗಳ ಮೇಲೆ ಬದುಕುವ ಕೀಟವೊಂದು ಸ್ರವಿಸುವ ಈ ವಸ್ತುವಿನ ಮುಖ್ಯ ಮೂಲ ಭಾರತ, ಅದರಲ್ಲಿಯೂ ಛೋಟಾನಾಗಪುರ ಪ್ರದೇಶ. ರಾಂಚಿಯ ಬಳಿಯ ನಾಮ್ಕುಮ್‌ನಲ್ಲಿ 1920ರ ದಶಕದಿಂದಲೂ ಅರಗಿನ ಸಂಶೋಧನಾ ಸಂಸ್ಥೆಯಿದೆ. ಯುದ್ಧದಿಂದ ಹಡಗು ಸಂಚಾರ ಅಸ್ತವ್ಯಸ್ತವಾದಾಗ ಅಮೆರಿಕದ ಯುದ್ಧೋತ್ಪಾದನಾ ಮಂಡಳಿ 1942ರ ಏಪ್ರಿಲ್‌ನಲ್ಲಿ ತಟ್ಟೆಗಳಿಗೆ ಬಳಸುವ ಅರಗನ್ನು ಶೇಕಡಾ 70ರಷ್ಟು ಕಡಿತಗೊಳಿಸಿತು. ಹಳೆಯ ತಟ್ಟೆಗಳನ್ನು ಪುಡಿಮಾಡಿ ಹೊಸದಕ್ಕೆ ಬೆರೆಸಲು ಜನರಿಂದ ಸಂಗ್ರಹಿಸಲಾಯಿತು. ಯುದ್ಧಕಾಲದ ತಟ್ಟೆಗಳಲ್ಲಿ ಕರಕರ ಸದ್ದು ಹೆಚ್ಚಿರುವುದಕ್ಕೆ ಈ ಮರುಬಳಕೆಯೂ ಒಂದು ಕಾರಣ.

ಗಾಯಕರ ಕಡೆಯಿಂದಲೂ ಒಂದು ಎಳೆಯಿದೆ. ಲಂಡನ್ನಿನಲ್ಲಿ ರೇ ನೋಬಲ್ ತಂಡದೊಂದಿಗೆ 1930ರ ದಶಕದ ಅತ್ಯಂತ ನವಿರಾದ ಪ್ರೇಮಗೀತೆಗಳನ್ನು ಹಾಡಿದ ಅಲ್ ಬೋಲಿ, ಅದಕ್ಕೆ ಮೊದಲು 1920ರ ದಶಕದ ನಡುವಿನಲ್ಲಿ ಕಲ್ಕತ್ತೆಯ ಗ್ರ್ಯಾಂಡ್ ಹೋಟೆಲಿನ ತಂಡದಲ್ಲಿ ದುಡಿದಿದ್ದರು. 1941ರ ಏಪ್ರಿಲ್‌ನಲ್ಲಿ ಲಂಡನ್ ಮೇಲಿನ ಬಾಂಬ್ ದಾಳಿಯಲ್ಲಿ ಅವರು ತೀರಿಕೊಂಡರು.

1942ರ ಆಗಸ್ಟ್‌ನಿಂದ ಎರಡು ವರ್ಷ ಹೊಸ ಮುದ್ರಣಗಳೇ ಇಲ್ಲವಲ್ಲ, ಏಕೆ?

ಜೇಮ್ಸ್ ಪೆಟ್ರಿಲೊ ನೇತೃತ್ವದ ವಾದಕರ ಸಂಘವು, ತಟ್ಟೆಗಳು ರೇಡಿಯೋ ಮತ್ತು ಹೋಟೆಲುಗಳಲ್ಲಿ ಜೀವಂತ ವಾದಕರ ಅನ್ನ ಕಸಿಯುತ್ತಿವೆಯೆಂದು ವಾದಿಸಿ, ಕಂಪನಿಗಳು ತನ್ನ ನಿಧಿಗೆ ಗೌರವಧನ ಕೊಡುವವರೆಗೆ ಮುದ್ರಣಕ್ಕೆ ನುಡಿಸುವುದಿಲ್ಲವೆಂದು ಮುಷ್ಕರ ಹೂಡಿತು. ಅದು 1942ರ ಆಗಸ್ಟ್ 1ರಂದು ಆರಂಭವಾಯಿತು. ಹೆಲೆನ್ ಫಾರೆಸ್ಟ್ ಅವರ ಮೇಲಿನ ತಟ್ಟೆ ಅದರ ಹಿಂದಿನ ದಿನದ್ದು. ಜುಲೈ ತಿಂಗಳಿಡೀ ಸ್ಟುಡಿಯೋಗಳು ಬಿಡುವಿಲ್ಲದೆ ದುಡಿದಿದ್ದವು. ಡೆಕ್ಕಾ ಕಂಪನಿ 1943ರ ಸೆಪ್ಟೆಂಬರಿನಲ್ಲಿ ಒಪ್ಪಂದಕ್ಕೆ ಬಂತು, ಕೊಲಂಬಿಯಾ ಮತ್ತು ವಿಕ್ಟರ್ 1944ರ ನವೆಂಬರ್‌ವರೆಗೂ ಪಟ್ಟು ಹಿಡಿದವು.

ಹಾಡುಗಾರರು ಆ ಸಂಘದ ಸದಸ್ಯರಾಗಿರಲಿಲ್ಲ. ಕಂಪನಿಗಳು ವಾದ್ಯಗಳನ್ನೇ ಬಿಟ್ಟು, ವೃಂದಗಾಯನದ ಹಿನ್ನೆಲೆಯಲ್ಲಿ ಅವರಿಂದ ಹಾಡಿಸಿದವು. 1943ರಲ್ಲಿ ಡಿಕ್ ಹೇಮ್ಸ್ ಹಾಡಿದ ‘ಯೂ ವಿಲ್ ನೆವರ್ ನೋ’ ಹೀಗೆ ಬರಿಯ ದನಿಗಳಿಂದಲೇ ಅಗ್ರಸ್ಥಾನಕ್ಕೇರಿತು. ಅಲ್ಲಿಯವರೆಗೆ ತಂಡದ ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದವರಿಗೆ ತಂಡವಿಲ್ಲದೆಯೂ ತಟ್ಟೆ ಮಾರಾಟವಾಗುತ್ತದೆಂಬುದನ್ನು ವಾದಕರೇ ಕಷ್ಟಪಟ್ಟು ತೋರಿಸಿಕೊಟ್ಟಂತಾಯಿತು. ಸಿನಾತ್ರಾ 1942ರ ಸೆಪ್ಟೆಂಬರಿನಲ್ಲಿಯೇ ಡಾರ್ಸಿ ತಂಡ ತೊರೆದಿದ್ದರು. ಆ ವರ್ಷದ ಡಿಸೆಂಬರ್ 30ರಂದು ನ್ಯೂಯಾರ್ಕಿನ ಪ್ಯಾರಮೌಂಟ್ ರಂಗಮಂದಿರದಲ್ಲಿ ತರುಣಿಯರ ಕಿರುಚಾಟ ಯಾರಿಗಾಗಿ ಎಂಬುದರಲ್ಲಿ ಯಾವ ಸಂಶಯವೂ ಇರಲಿಲ್ಲ.

ಬಿಗ್ ಬ್ಯಾಂಡ್‌ಗಳು ಮುಗಿದದ್ದು ಗಾಯಕರಿಂದಲೇ?

ಗಾಯಕರ ಏಳಿಗೆ ಒಂದು ಕಾರಣ ಮಾತ್ರ. 1944ರ ಏಪ್ರಿಲ್‌ನಲ್ಲಿ ಕುಣಿತ ಮತ್ತು ಗಾಯನ ಇರುವ ಊಟದ ಮನೆಗಳ ಮೇಲೆ ಶೇಕಡಾ 30ರಷ್ಟು ತೆರಿಗೆ ಬಿತ್ತು, ಕೆಲವೇ ತಿಂಗಳಲ್ಲಿ ಅದನ್ನು 20ಕ್ಕೆ ಇಳಿಸಿದರೂ ನೃತ್ಯಶಾಲೆಗಳು ಚೇತರಿಸಲಿಲ್ಲ. ಹದಿನೈದಿಪ್ಪತ್ತು ಜನರ ಸಂಬಳ ಮತ್ತು ಪ್ರಯಾಣದ ಖರ್ಚು ಏರಿತು. ಸೈನ್ಯದಿಂದ ಮರಳಿದವರು ಸಂಸಾರ ಹೂಡಿ ಮನೆಯಲ್ಲಿ ಉಳಿದರು. ಗುಡ್‌ಮನ್, ಹ್ಯಾರಿ ಜೇಮ್ಸ್, ಟಾಮಿ ಡಾರ್ಸಿ, ವುಡಿ ಹರ್ಮನ್, ಲೆಸ್ ಬ್ರೌನ್ ಇವರೆಲ್ಲ 1946ರ ಕೊನೆಯಲ್ಲಿ ತಂಡಗಳನ್ನು ಮುಚ್ಚಿದರು. ಕೆಲವರು ಬೇಗನೆ ಮತ್ತೆ ಕಟ್ಟಿದರಾದರೂ ಹಿಂದಿನ ಸ್ಥಾನ ಮರಳಲಿಲ್ಲ.

ಮೂಲ ಮುದ್ರಣವನ್ನು ಗುರುತಿಸುವುದು ಹೇಗೆ?

ಅಂತರ್ಜಾಲದ ಸಂಗೀತ ಸೇವೆಗಳಲ್ಲಿ ಒಂದೇ ಹಾಡು, 1940ರ ಮೂಲವಾಗಿಯೂ 1950ರ ದಶಕದ ಮರುಮುದ್ರಣವಾಗಿಯೂ ಒಂದೇ ಚಿತ್ರದಡಿ ಸಿಗುವುದುಂಟು. ಹ್ಯಾರಿ ಜೇಮ್ಸ್ ಮತ್ತು ಹೆಲೆನ್ ಫಾರೆಸ್ಟ್ ತಮ್ಮ ಹಳೆಯ ಹಾಡುಗಳನ್ನು 1955ರಲ್ಲಿ ಕ್ಯಾಪಿಟಲ್ ಕಂಪನಿಗೆ ಹೊಸದಾಗಿ ಹಾಡಿದ್ದಾರೆ. ಸಿನಾತ್ರಾ 1959ರಲ್ಲಿ ‘ಐಲ್ ನೆವರ್ ಸ್ಮೈಲ್ ಅಗೇನ್’ ಅನ್ನು ಬೇರೆಯೇ ವಾದ್ಯರಚನೆಯಲ್ಲಿ ಹಾಡಿದ್ದಾರೆ. ಎಡ ಬಲ ಎಂದು ನಿಜವಾಗಿ ಬೇರ್ಪಟ್ಟ ಸ್ಟೀರಿಯೊ ಕೇಳಿಸಿದರೆ ಅದು ಮೂಲವಲ್ಲವೆಂದು ತಿಳಿಯಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಗ್ರಂಥಾಲಯ ನಿರ್ವಹಿಸುವ ಧ್ವನಿಮುದ್ರಣಗಳ ಸೂಚಿಯಲ್ಲಿ ಪ್ರತಿ ಮುದ್ರಣಕ್ಕೂ ಕಂಪನಿ ಕೊಡುತ್ತಿದ್ದ ಗುರುತಿನ ಸಂಖ್ಯೆಯಾದ ಮ್ಯಾಟ್ರಿಕ್ಸ್ ಸಂಖ್ಯೆ ಕೊಟ್ಟು ಹುಡುಕಿದರೆ ಮುದ್ರಣದ ತಾರೀಖು ದೊರೆಯುತ್ತದೆ. ಸದ್ದನ್ನು ಪೂರ್ತಿ ಅಳಿಸಿದ ಆವೃತ್ತಿಗಳಿಗಿಂತ ತುಸು ಕರಕರ ಉಳಿಸಿಕೊಂಡವು ಮೇಲು. ಸದ್ದಿನೊಂದಿಗೆ ಉಸಿರೂ ಅಳಿಸಿಹೋಗುತ್ತದೆ.

ಹಳೆಯ ತಟ್ಟೆ ಸಿಕ್ಕಿದೆ, ಎಲ್‌ಪಿ ಪ್ಲೇಯರಿನಲ್ಲಿ ಹಾಕಬಹುದೇ?

ಸೂಜಿ ಬದಲಿಸದೆ ಹಾಕಬೇಡಿ. ಈ ತಟ್ಟೆಗಳ ಗೆರೆ ಅಗಲವಾದದ್ದು; ಅವಕ್ಕೆ ಬೇಕಾದ ಸೂಜಿಯ ತುದಿ ಸುಮಾರು 75 ಮೈಕ್ರಾನ್, ಎಲ್‌ಪಿಯದ್ದು 25 ಅಥವಾ ಅದಕ್ಕೂ ಚಿಕ್ಕದು. ಚಿಕ್ಕ ಸೂಜಿ ಗೆರೆಯ ತಳದಲ್ಲಿ ಜಾರಾಡಿ ಸದ್ದನ್ನಷ್ಟೇ ಎತ್ತುತ್ತದೆ. ವೇಗ ನಿಮಿಷಕ್ಕೆ 78 ಸುತ್ತು ಇರಬೇಕು. ಸ್ಪಿರಿಟ್ ಅಥವಾ ಆಲ್ಕೊಹಾಲ್ ಬೆರೆತ ಯಾವ ದ್ರವದಿಂದಲೂ ಒರೆಸಬಾರದು, ಅರಗು ಅದರಲ್ಲಿ ಕರಗುತ್ತದೆ. ಬೀಳಿಸಿದರೆ ಒಡೆಯುತ್ತದೆ, ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡಿ.

ಇವುಗಳನ್ನು ವಿಡಿಯೋಗಳಲ್ಲಿ ಮುಕ್ತವಾಗಿ ಬಳಸಬಹುದೇ?

ಭಾರತದ ಕಾನೂನಿನಂತೆ ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ನಂತರ 60 ವರ್ಷ ಇರುತ್ತದೆ, ಆದ್ದರಿಂದ ಈ ಯುಗದ ಮುದ್ರಣಗಳ ಆ ಹಕ್ಕು ಇಲ್ಲಿ ಮುಗಿದಿದೆ. ಆದರೆ ಹಾಡಿನ ಸಾಹಿತ್ಯ ಮತ್ತು ರಾಗಸಂಯೋಜನೆಗಳ ಹಕ್ಕು ಬೇರೆ. ಅದು ಸಾಮಾನ್ಯವಾಗಿ ರಚನಕಾರರು ತೀರಿಕೊಂಡ ನಂತರ 60 ವರ್ಷ ಉಳಿಯುತ್ತದೆ. ಅಮೆರಿಕದಲ್ಲಿ 2018ರ ಕಾಯಿದೆಯ ಪ್ರಕಾರ 1923ರಿಂದ 1946ರ ನಡುವೆ ಪ್ರಕಟವಾದ ಮುದ್ರಣಗಳಿಗೆ 100 ವರ್ಷದ ರಕ್ಷಣೆಯಿದೆ; 1940ರ ತಟ್ಟೆ ಅಲ್ಲಿ ಸಾರ್ವಜನಿಕ ಸೊತ್ತಾಗುವುದು 2041ರ ಜನವರಿ 1ರಂದು. ಅಂತರ್ಜಾಲದ ವಿಡಿಯೋ ಅಮೆರಿಕದಲ್ಲಿಯೂ ತೆರೆದುಕೊಳ್ಳುವುದರಿಂದ, ಹಕ್ಕುದಾರರು ಆಕ್ಷೇಪಿಸಿದರೆ ವಿಡಿಯೋ ತೆಗೆದುಹಾಕಲ್ಪಡುವ ಸಾಧ್ಯತೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಬಳಸಬೇಕು.